ಒಂದು ಗಾಲಿ ದೊಡ್ಡದು

ನಮ್ಮ ಕಡಲಿಗೆ ಕಾಲು ನೀಳ.
ಬೆಳಗಿನ ಜಾವ ಹೊಸ್ತಿಲ ಬಳಿ ಕೆಮ್ಮುತ್ತಿದ್ದದ್ದು
ಮಧ್ಯಾಹ್ನಕ್ಕೆ ಅರ್ಧ ಮೈಲಿ ಆಚೆ
ಬೆನ್ನು ತಿರುಗಿಸಿ ಕೂತಿರುತ್ತದೆ.
ನಡುವೆ ಬರೀ ಕೆಸರು, ಚಿಪ್ಪು, ನಾರುವ ಪಾಚಿ,
ಬಿಟ್ಟಲ್ಲೇ ಮಗ್ಗುಲಾಗಿ ಬಿದ್ದ ನನ್ನ ದೋಣಿ.

ಹನ್ನೊಂದು ಅಡಿ. ಸೈಪ್ರಸ್ ಹಲಗೆ.
ನೀರು ಕುಡಿದರೆ ಗಬ್ಬದ ಹಸುವಿನ ತೂಕ.
ಮೊದಲಾದರೆ ಒಂದು ಕೂಗು ಹಾಕಿದರೆ ಸಾಕಿತ್ತು.
ಮಿಂಗಾ ಅನ್ನುತ್ತೇವೆ ನಾವು, ಇಲ್ಲಿ ಚಿಲೊಯೆಯಲ್ಲಿ.
ಮುಯ್ಯಾಳು: ಇವತ್ತು ನನ್ನ ದೋಣಿಗೆ ನಿನ್ನ ಹೆಗಲು,
ನಾಳೆ ನಿನ್ನ ಆಲೂಗೆಡ್ಡೆಗೆ ನನ್ನ ಸೊಂಟ.
ಇಡೀ ಮನೆಗಳನ್ನೇ ಎಳೆದಿದ್ದೇವೆ, ಎತ್ತು ಕಟ್ಟಿ,
ಹೊಗೆಗೂಡಿನಲ್ಲಿ ಹೊಗೆ ಆಡುತ್ತಿರುವಾಗಲೇ.
ಈಗ ಹೆಗಲುಗಳೆಲ್ಲ ಸಾಲ್ಮನ್ ಕಂಪನಿಯ ರಾತ್ರಿ ಪಾಳಿಯಲ್ಲಿ.

ಉಳಿದವನು ತ್ರಾನ್ಸಿತೊ ಮುದುಕ.
ಎಂಬತ್ತಮೂರು. ದೋಣಿಯಂಚಿಗೆ ಕೈ ಇಡುತ್ತಾನೆ,
ಎತ್ತುವುದಿಲ್ಲ,
ಎತ್ತುವ ಸದ್ದು ಮಾಡುತ್ತಾನೆ.
ಆ ಸದ್ದಿಗೂ ಒಂದು ಲೋಟ ಸೇಬಿನ ಹೆಂಡ ಸಲ್ಲಬೇಕು, ಸಲ್ಲುತ್ತದೆ.

ಜೂನಿನಲ್ಲಿ ಬಡಗಣ ಗಾಳಿ ಹದಿನೆಂಟು ದಿನ ಬೀಸಿತು.
ಕೊಟ್ಟಿಗೆಯಲ್ಲಿ ಕೂತು ಗಾಡಿ ಮಾಡಿದೆ.
ಅಚ್ಚಿಗೆ ತಂಗಿ ಎಡುವಿನಾಳ ಮುರುಕು ಮಂಚದ ಸರಳು.
ಒಂದು ಗಾಲಿ ಮಣ್ಣು ಹೊರುವ ಕೈಗಾಡಿಯದು,
ಇನ್ನೊಂದು, ಆಸ್ಪತ್ರೆಯ ದಾದಿ ಬಿಟ್ಟುಹೋದ ಮೊಪೆಡ್ಡಿನದು.
ಎರಡರ ಎತ್ತರಕ್ಕೆ ನಾಲ್ಕು ಬೆರಳು ಅಂತರ.
ನೋಡಿದೆ. ನೋಡಿಯೂ ಜೋಡಿಸಿದೆ.
ದೋಣಿಯ ಹೊಟ್ಟೆ ತಾಕುವಲ್ಲಿ ಹಳೆ ಟೈರು ಕೊಯ್ದು ಹೊದಿಸಿದೆ.
ಮೊಳೆ ಸಾಲದೆ ಬಾಗಿಲ ಚಿಲಕದ್ದು ಕಿತ್ತೆ;
ಅಂದಿನಿಂದ ಬಾಗಿಲಿಗೆ ಕಲ್ಲೇ ಕಾವಲು.

ಮೊದಲ ದಿನ ಏರಿಸಿ ತಳ್ಳಿದೆ.
ಹೋಯಿತು. ಹೋಗುತ್ತ ಹೋಗುತ್ತ ಬಲಕ್ಕೆ ವಾಲಿ,
ಬಲಕ್ಕೇ ತಿರುಗಿ, ಕೆಸರಲ್ಲಿ ದೊಡ್ಡದೊಂದು ಸೊನ್ನೆ ಬರೆದು,
ಮೂತಿ ಮನೆಯ ಕಡೆ ಇಟ್ಟು ನಿಂತಿತು.
ಬೇಲಿಯಾಚೆ ಕುರಿಯೊಂದು ಮೇಯುವುದು ಬಿಟ್ಟು ನೋಡಿತು.

ಸಣ್ಣ ಗಾಲಿಯ ಕಡೆ, ಅಚ್ಚಿಗೂ ಚೌಕಟ್ಟಿಗೂ ನಡುವೆ
ನಾಲ್ಕು ಬೆರಳ ದಿಂಡು ತುರುಕಿದೆ. ಈಗ ಎಡಕ್ಕೆ ವಾಲಿತು!
ರಾತ್ರಿಯೆಲ್ಲ ಬೈದೆ, ಮಂಚವನ್ನು, ದಾದಿಯನ್ನು.
ಬೆಳಗ್ಗೆ ಹೊಳೆಯಿತು:
ಅಚ್ಚು ಕೂರುವುದು ಗಾಲಿಯ ನಡುವೆ,
ಹಾಗಾಗಿ ಅಂತರವೂ ಅರ್ಧ. ಎರಡೇ ಬೆರಳು.
ಐವತ್ತೆಂಟಕ್ಕೆ ಕಲಿತ ಲೆಕ್ಕ.

ನೆಟ್ಟಗೆ ಹೋಯಿತು.
ಯಾರನ್ನೂ ಕೂಗಲಿಲ್ಲ.
ನೀರು ಮುಟ್ಟಿದಾಗ ಹಕ್ಕಿಗಳಿಗೂ ಗೊತ್ತಾಗಲಿಲ್ಲ.

ತಿರುಗಿ ನೋಡಿದರೆ ದಂಡೆಯಲ್ಲಿ ತ್ರಾನ್ಸಿತೊ,
ಬೂಟು ತೊಟ್ಟು, ತೋಳು ಮಡಚಿ, ತಯಾರಾಗಿ.
ಸಂಜೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ.
'ಚೆನ್ನಾಗಿದೆ' ಅಂದ.
ಲೋಟ ಮುಂದೆ ಮಾಡಿದೆ. 'ಹೊಟ್ಟೆ ಸರಿಯಿಲ್ಲ' ಅಂದ.

ಮರುದಿನ ಬರಲಿಲ್ಲ. ಅದರ ಮರುದಿನವೂ.
ಮೀನು ಸಿಕ್ಕಿತು, ಸಾಕಷ್ಟು. ಉಪ್ಪು ಹಾಕುವಾಗ
ಏನೋ ಮರೆತಂತೆ ಎರಡು ಸಲ ಕೈ ತೊಳೆದೆ.

ನಾಲ್ಕನೆಯ ದಿನ, ಕೆಸರಿನ ನಟ್ಟನಡುವೆ,
ಸಣ್ಣ ಗಾಲಿಯ ಕಡೆಗೀಲು ಎಳೆದು
ಮೇಲುಡುಪಿನ ಕಿಸೆಗೆ ಹಾಕಿಕೊಂಡೆ.
ಹೊಟ್ಟೆಯಾಳದಿಂದ ಕೂಗಿದೆ:
'ತ್ರಾನ್ಸಿತೊ! ಗಾಲಿ ಕಳಚಿತು!'

ಬಂದ. ಓಡಲಿಲ್ಲ, ಆದರೆ ನಡೆಯಲೂ ಇಲ್ಲ.
ಲೂಮಾ ಮರದ ಚಕ್ಕೆ ಹೆರೆದು, ಎಂಜಲು ಸವರಿ,
ಕಲ್ಲಿನಿಂದ ಮೂರೇಟು ಹಾಕಿ ಕೂರಿಸಿದ.
ಕೂರಿಸುವ ಮುಂಚೆ ಬಗ್ಗಿ
ಅಚ್ಚಿನ ತೂತನ್ನೇ ದಿಟ್ಟಿಸಿದ:
ಒಳಗೆ ಕಬ್ಬಿಣ ಉಜ್ಜಿದ ಹೊಸ ಹೊಳಪು.
ನನ್ನ ಕಿಸೆ ನೋಡಿದ. ಕಡಲು ನೋಡಿದ.

ದೋಣಿಯಂಚಿಗೆ ಕೈ ಇಟ್ಟು
ಆ ಹಳೆಯ ಸದ್ದು ಮಾಡುತ್ತ ಅಂದ,
'ಎಡೆಲ್ಮೀರಾ,
ಇವತ್ತು ಎರಡು ಲೋಟ.'